ಬೆಟ್ಟದ ಕೊಳಗಳ ಕ್ಯಾಡಿಸ್ ಹುಳು: ಅದರ ಗೂಡನ್ನು ಕುರಿತ ವಿಚಾರದ ಚರಿತ್ರೆ

ಪ್ರಾಣಿಶಾಸ್ತ್ರದಲ್ಲಿ ಬಹುಕಾಲ ಬಗೆಹರಿಯದೆ ಉಳಿದ ಸಣ್ಣ ಪ್ರಶ್ನೆಗಳಲ್ಲಿ ಕ್ಯಾಡಿಸ್ ಹುಳುವಿನ ಗೂಡಿನ ಪ್ರಶ್ನೆಯೂ ಒಂದು. ಈ ಹುಳು ನೀರಿನ ತಳದಲ್ಲಿ ವಾಸಿಸುವುದು. ಬಾಯಿಂದ ರೇಷ್ಮೆಯ ನೂಲನ್ನು ತೆಗೆದು, ಎಲೆಯ ಚೂರು, ಕಡ್ಡಿ, ಮರಳು, ಚಿಪ್ಪು ಮೊದಲಾದ ಸಿಕ್ಕಿದ ವಸ್ತುಗಳನ್ನು ಅದರಿಂದ ಬೆಸೆದು, ತನ್ನ ಮೈಯಳತೆಗೆ ಸರಿಯಾದ ಕೊಳವೆಯೊಂದನ್ನು ಕಟ್ಟಿಕೊಳ್ಳುವುದು. ತಲೆಯನ್ನೂ ಕಾಲುಗಳನ್ನೂ ಮಾತ್ರ ಹೊರಚಾಚಿ, ಅದನ್ನು ಎಳೆದುಕೊಂಡೇ ತಿರುಗುವುದು. ರೆಕ್ಕೆ ಬಂದಮೇಲೆ ನೀರನ್ನು ಬಿಟ್ಟು ಹೊರಟು, ಮಾಸಲು ಬಣ್ಣದ ಪತಂಗದಂತೆ ತೋರುವುದು. ಈ ವರ್ಗದ ಹುಳುಗಳೆಲ್ಲವೂ ಗೂಡನ್ನು ಹೊತ್ತು ತಿರುಗುವುವೆಂದಲ್ಲ. ಹೊರುವ ಜಾತಿಗಳನ್ನು ಕುರಿತದ್ದೇ ಇಲ್ಲಿಯ ವಿಚಾರ. ಇಷ್ಟು ಶ್ರಮದ ಗೂಡು ಅದಕ್ಕೆ ಏತಕ್ಕೆ?

ಫ್ರಾನ್ಸಿನ ರಿಯೋಮ್ಯೂರರು ಕೀಟಗಳ ಚರಿತ್ರೆಯನ್ನು ಕುರಿತ ತಮ್ಮ ಗ್ರಂಥದ ಮೂರನೆಯ ಸಂಪುಟದಲ್ಲಿ (1737) ಈ ಹುಳುಗಳನ್ನು ವರ್ಣಿಸಿ, ಬಟ್ಟೆ ತಿನ್ನುವ ನುಸಿಯೊಡನೆ ಹೋಲಿಸಿ, ‘ನೀರಿನ ನುಸಿ’ಗಳೆಂದು ಕರೆದರು. ನುಸಿಯು ಉಣ್ಣೆಯ ಅಂಗಿಯನ್ನು ತೊಡುವಂತೆ ಇದು ಕಡ್ಡಿಕಲ್ಲುಗಳ ಅಂಗಿಯನ್ನು ತೊಡುವುದೆಂದು ಅವರ ಭಾವ. ಮಲೆನಾಡಿನ ಒಕ್ಕಲು ಮಳೆಗೆ ಗೊರಬನ್ನು ಹೊದ್ದು ಗದ್ದೆಗಿಳಿಯುವುದನ್ನು ಕಂಡವರಿಗೆ ಈ ಹೋಲಿಕೆ ಅಸಹಜವೆನಿಸದು. 1813ರಲ್ಲಿ ಇಂಗ್ಲೆಂಡಿನ ಕರ್ಬಿಯವರು ಈ ವರ್ಗಕ್ಕೆ ಟ್ರೈಕಾಪ್ಟೆರ, ಎಂದರೆ ‘ರೋಮದ ರೆಕ್ಕೆಯವು’ ಎಂಬ ಹೆಸರಿಟ್ಟರು. 1834ರಲ್ಲಿ ಜಿನೀವದ ಪಿಕ್ಟೆಯವರು ಇವುಗಳನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದರು. ಗೂಡಿನ ಆಕಾರವು ಹುಳುವಿನ ಜಾತಿಯನ್ನು ಗುರುತಿಸಲು ನೆರವಾಗುವುದೆಂದು ತಿಳಿದುಬಂದುದು ದೊಡ್ಡ ಲಾಭವೇ ಸರಿ. ಆದರೆ ಇದರಿಂದ ಒಂದು ನಷ್ಟವೂ ಆಯಿತೆಂದು ಹೇಳಬೇಕು: ಗೂಡು ಗುರುತಿನ ಚೀಟಿಯಾಯಿತು, ಅದರ ಪ್ರಯೋಜನದ ವಿಚಾರ ಹಿಂದೆ ಬಿದ್ದಿತು.

ಆ ವಿಚಾರವನ್ನು ಮತ್ತೆ ಎತ್ತಿಕೊಂಡವರಲ್ಲಿ ಫಾಬ್ರೆಯವರು ಮುಖ್ಯರು. ಅವರ ಕೀಟಸ್ಮರಣೆಗಳ ಏಳನೆಯ ಭಾಗದಲ್ಲಿ (1900) ಕ್ಯಾಡಿಸ್ ಹುಳುವಿನ ಪ್ರಸ್ತಾಪವಿದೆ. ಅವರು ಗಾಜಿನ ತೊಟ್ಟಿಯಲ್ಲಿ ಹುಳುಗಳನ್ನು ಸಾಕಿ, ಅಕ್ಕಿಯ ಕಾಳುಗಳನ್ನು ಕೊಟ್ಟು ನೋಡಿದರು. ಹುಳುಗಳು ಅದರಿಂದಲೇ ದಂತದ ಕೆತ್ತನೆಯನ್ನು ಹೋಲುವ ಗೂಡುಗಳನ್ನು ಕಟ್ಟಿದುವು. ಆ ತೊಟ್ಟಿಗೆ ಡೈಟಿಸ್ಕಸ್ ಎಂಬ ಮಾಂಸಾಹಾರಿ ನೀರುಜೀರುಂಡೆಗಳು ಸೇರಿದಾಗ ನಡೆದ ಸಂಗತಿ ಇನ್ನೂ ಕುತೂಹಲಕರವಾದುದು. ಜೀರುಂಡೆ ಗೂಡನ್ನು ಹಿಡಿದು ಹರಿಯತೊಡಗಿತು; ಅದು ಕಡ್ಡಿಗಳೊಡನೆ ಹೆಣಗುತ್ತಿರುವಷ್ಟರಲ್ಲಿ ಹುಳು ಗೂಡಿನಿಂದ ನುಸುಳಿ, ಬೆತ್ತಲೆಯಾಗಿ ಪಾರಾಯಿತು. ಬಳಿಕ ಹೊಸ ಗೂಡನ್ನು ಕಟ್ಟಿಕೊಂಡಿತು. ಗೂಡು ಕೋಟೆಯೆಂದೇ ಭಾವಿಸಿದ್ದವರಿಗೆ ಇದು ವಿಚಿತ್ರವೇ: ಇಲ್ಲಿ ಹುಳುವನ್ನು ಉಳಿಸಿದುದು ಕೋಟೆಯ ಬಲವಲ್ಲ, ಅದನ್ನು ಬಿಟ್ಟುಕೊಡುವ ಜಾಣತನ.

ಇಪ್ಪತ್ತನೆಯ ಶತಮಾನದಲ್ಲಿ ಕೆನಡದ ಗ್ಲೆನ್ ವಿಗ್ಗಿನ್ಸರು ಬೇರೊಂದು ಸಮಾಧಾನವನ್ನು ಮುಂದಿಟ್ಟರು. ಹುಳು ಕೊಳವೆಯೊಳಗೆ ತನ್ನ ಉದರವನ್ನು ತೊನೆದಾಡಿಸಿ ನೀರಿನ ಹರಿವನ್ನು ಉಂಟುಮಾಡಿಕೊಳ್ಳುವುದು. ಹರಿಯುವ ತೊರೆಯಲ್ಲಿ ತಾನಾಗಿ ದೊರೆಯುವ ಪ್ರಾಣವಾಯುವನ್ನು ನಿಂತ ನೀರಿನಲ್ಲಿ ಹೀಗೆ ದುಡಿದು ಪಡೆಯುವುದು. ಆದುದರಿಂದಲೇ ತೊರೆಯ ಜೀವಿಗಳಾಗಿದ್ದ ಇವು ಕೊಳ, ಸರೋವರಗಳನ್ನು ಹೊಕ್ಕು ಬಾಳಲು ಸಾಧ್ಯವಾಯಿತೆಂಬುದು ಈ ವಾದ. ಬೇಸಗೆಯಲ್ಲಿ ಬತ್ತುವ ಹೊಂಡಗಳನ್ನು ಕುರಿತು 1973ರಲ್ಲಿ ಅವರು ಬರೆದುದೂ ಸ್ಮರಣೀಯ: ಕೆಲವು ಜಾತಿಗಳು ಒಣಗಿದ ಹೊಂಡದಲ್ಲಿಯೇ ಮೊಟ್ಟೆಯಿಡುವುವು, ಮರಿಗಳು ಅಂಟಿನ ಮುದ್ದೆಯೊಳಗೆ ನೀರು ಬರುವವರೆಗೂ ಕಾದಿರುವುವು.

ಈ ಎಳೆಗಳೆಲ್ಲ ಒಂದೆಡೆ ಕೂಡಿದುದು ಅಮೆರಿಕದ ಕೊಲೊರಾಡೊ ಪ್ರಾಂತದ ಬೆಟ್ಟಗಳಲ್ಲಿ. ಅಲ್ಲಿ ಗಾಥಿಕ್ ಎಂಬ ಪಾಳುಬಿದ್ದ ಗಣಿಯೂರಿನಲ್ಲಿ 1928ರಲ್ಲಿ ಜೀವಶಾಸ್ತ್ರದ ಪ್ರಯೋಗಶಾಲೆಯೊಂದು ಸ್ಥಾಪಿತವಾಯಿತು. ಆ ಪ್ರದೇಶದ ಎತ್ತರದ ಕೊಳಗಳಲ್ಲಿ ಸ್ಕಾಟ್ ವಿಸ್ಸಿಂಗರರೂ ಅವರ ಸಂಗಡಿಗರೂ ಹಲವು ವರ್ಷ ಪರೀಕ್ಷೆ ನಡೆಸಿದರು. ಕೊಳಗಳು ಎರಡು ಬಗೆ: ವರ್ಷವಿಡೀ ನೀರಿರುವುವು, ಹಿಮ ಕರಗಿದಾಗ ತುಂಬಿ ಬೇಸಗೆಯಲ್ಲಿ ಬತ್ತುವುವು. ಬತ್ತದ ಕೊಳದಲ್ಲಿ ಸಾಲಮಾಂಡರ್ ಎಂಬ, ಕಪ್ಪೆಯ ಬಳಗದ ಹಲ್ಲಿಯಾಕಾರದ ಪ್ರಾಣಿ ಶತ್ರು. ಬತ್ತುವ ಕೊಳದಲ್ಲಿ ಡೈಟಿಸ್ಕಸ್ ಜೀರುಂಡೆಯ ಮರಿ. ಫಾಬ್ರೆಯವರ ತೊಟ್ಟಿಯ ಹಳೆಯ ಶತ್ರುವಿನ ಕುಲವೇ ಇಲ್ಲಿಯೂ!

ಬತ್ತುವ ಕೊಳದ ಅಸಿನಾರ್ಕಸ್ ಜಾತಿಯ ಹುಳುವಿಗೆ ಕಾಲವೇ ಮೊದಲ ಶತ್ರು. ನೀರು ಆರುವ ಮೊದಲೇ ಬೆಳೆದು ಮುಗಿಯಬೇಕು. ಕೊಳೆತ ಎಲೆಯೇ ಅದರ ಮುಖ್ಯ ಆಹಾರ. ಆದರೂ ಅದು ನೆರೆಯ ಲಿಮ್ನೆಫಿಲಸ್ ಹುಳುಗಳನ್ನೂ ಸ್ವಜಾತಿಯವನ್ನೂ ತಿನ್ನುವುದೆಂದು 1996ರ ಲೇಖನದಲ್ಲಿ ತೋರಿಸಲಾಯಿತು. ಮಾಂಸದ ಆಹಾರ ಬೆಳೆವಣಿಗೆಯನ್ನು ತ್ವರೆಗೊಳಿಸುವುದು. ಶತ್ರುವೆಂದರೆ ಹೊರಗಿನವನೆಂದೇ ಎಣಿಸಿದ್ದ ಹಿಂದಿನವರು ಗೂಡಿನ ನೆರೆಯಲ್ಲಿಯೇ ಇಂತಹ ಕಲಹವುಂಟೆಂದು ಊಹಿಸಿದಂತೆ ಕಾಣುವುದಿಲ್ಲ.

2006ರಲ್ಲಿ ಅದೇ ಪಂಡಿತರು ಗೂಡುಗಳನ್ನೇ ನೇರವಾಗಿ ಪರೀಕ್ಷಿಸಿದರು. ಸಾಲಮಾಂಡರಿಗೆ ಸುಲಭವಾಗಿ ತುತ್ತಾದುದು ಅಸಿನಾರ್ಕಸ್. ಲಿಮ್ನೆಫಿಲಸಿನ ಎರಡು ಜಾತಿಗಳು ಕಣ್ಣಿಗೆ ಬೀಳದಂತೆ ನಡೆದುಕೊಂಡು ಪಾರಾದುವು. ಅಗ್ರಿಪ್ನಿಯ ಎಂಬುದನ್ನು ಮಾತ್ರ ಸಾಲಮಾಂಡರ್ ಮತ್ತೆಮತ್ತೆ ಕಂಡು ಎರಗಿದರೂ ಹಿಡಿದುದು ಅಪರೂಪ. ಅದರ ಗೂಡು ನಿಜವಾಗಿ ಆಶ್ರಯವಾಗಿತ್ತು. ಜೀರುಂಡೆಯ ಮರಿಗಳನ್ನು ಹಿಮ್ಮೆಟ್ಟಿಸಿದುದು ಲಿಮ್ನೆಫಿಲಸ್ ಎಕ್ಸ್ಟರ್ನಸಿನ ದಪ್ಪನೆಯ ಗೂಡು. ಉಳಿದವುಗಳ ಕೊಳವೆಗಳಿಂದ ಅಷ್ಟು ಪ್ರಯೋಜನವಾಗಲಿಲ್ಲ. ಹಾಗಿದ್ದರೂ ಅಸಿನಾರ್ಕಸ್ ಜೀರುಂಡೆಯಿರುವ ಕೊಳಗಳಲ್ಲಿಯೇ ಬಾಳುವುದು. ಇದಕ್ಕೆ ಅವರು ಕೊಟ್ಟ ಕಾರಣವೆಂದರೆ, ಜೀರುಂಡೆಯ ಮರಿಗಳು ಹೆಚ್ಚುವ ಮೊದಲೇ ಅದು ಬೆಳೆದು ಕೋಶಾವಸ್ಥೆಯನ್ನು ಸೇರಿಬಿಡುವುದು.

ಆ ಅವಸ್ಥೆಯಲ್ಲಿ ಫಾಬ್ರೆಯವರ ಹುಳುವಿನಂತೆ ನುಸುಳಿ ಓಡುವ ಮಾರ್ಗವಿಲ್ಲ. ಅಸಿನಾರ್ಕಸ್ ಆಗ ಕಲ್ಲಿನ ಗೂಡನ್ನು ಕಟ್ಟುವುದು. ಕೊಳಗಳಲ್ಲಿಯೇ ನಡೆಸಿದ ಪರೀಕ್ಷೆಗಳಲ್ಲಿ, ಎಲೆಕಡ್ಡಿಗಳ ಗೂಡಿನಲ್ಲಿದ್ದವುಗಳಿಗಿಂತ ಕಲ್ಲಿನ ಗೂಡಿನಲ್ಲಿದ್ದವು ಎರಡು ಪಾಲಿಗೂ ಮಿಕ್ಕು ಬದುಕಿ ಉಳಿದುವು.