ತೂಗಿ ತುಂಬಿದ ತೋಟಾ: ಜಿಂಕೆಬೇಟೆಯ ಇತಿಹಾಸದಲ್ಲೊಂದು ನೀತಿಪ್ರಶ್ನೆ

ಹದಿನಾರನೆಯ ತೀರ್ಥಂಕರರಾದ ಶಾಂತಿನಾಥರ ಲಾಂಛನ ಜಿಂಕೆ. ವಿವಾಹದ ಔತಣಕ್ಕೆಂದು ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನವನ್ನು ಕೇಳಿ ನೇಮಿನಾಥರು ರಥವನ್ನು ಹಿಂದಿರುಗಿಸಿದ ಕಥೆ ಜೈನ ಮನೆಗಳ ಮಕ್ಕಳಿಗೂ ತಿಳಿದದ್ದೇ. ಬೇಟೆಯನ್ನು ಸಪ್ತವ್ಯಸನಗಳಲ್ಲಿ ಒಂದೆಂದು ಎಣಿಸುವ ಪರಂಪರೆಗೆ ಬೇಟೆಗಾರನ ತೋಟಾದ ಇತಿಹಾಸದಿಂದ ಆಗಬೇಕಾದುದೇನು ಎಂದು ಕೇಳಬಹುದು. ಆದರೆ ಆ ಇತಿಹಾಸದೊಳಗೆ ಕೊಲ್ಲುವವನನ್ನೂ ಕಾಡಿದ ಪ್ರಶ್ನೆಯೊಂದು ಅಡಗಿದೆ. ಜೀವಿಯ ನೋವಿಗೆ ಹೊಣೆ ಸಾಧನದ್ದೋ, ಅದನ್ನು ಹಿಡಿದವನದೋ?

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಜಿಂಕೆಬೇಟೆ ಹೊಟ್ಟೆಪಾಡೂ ಆಗಿತ್ತು, ವ್ಯಾಪಾರವೂ ವಿನೋದವೂ ಆಗಿತ್ತು. ಆ ಕಾಲದ ಎಷ್ಟೋ ತೋಟಾಗಳಿಗೆ ಅವುಗಳ ಅಳತೆಯೇ ಹೆಸರು. ‘38-55’ ಎಂದರೆ ಗುಂಡಿನ ವ್ಯಾಸ ಅಂಗುಲದ ನೂರರಲ್ಲಿ ಸುಮಾರು 38 ಪಾಲು, ಒಳಗಿನ ಕಪ್ಪುಮದ್ದು 55 ಗ್ರೇನ್. ‘32-40’ ಎಂಬುದೂ ಹಾಗೆಯೇ. ಗ್ರೇನ್ ಎಂದರೆ ಧಾನ್ಯದ ಕಾಳು. ಜವೆಗೋಧಿಯ ಕಾಳಿನಿಂದ ಹುಟ್ಟಿದ ಈ ತೂಕ ಒಂದು ಪೌಂಡಿಗೆ 7000 ಆಗುತ್ತದೆ. ಜೀವವನ್ನು ಪೋಷಿಸುವ ಕಾಳಿನ ಹೆಸರಿನಲ್ಲಿಯೇ ಜೀವ ತೆಗೆಯುವ ಮದ್ದನ್ನು ತೂಗಿದುದು ಇತಿಹಾಸದ ಒಂದು ವಿಪರ್ಯಾಸ.

ತೋಟಾಕ್ಕೆ ಅಂಗಗಳು ನಾಲ್ಕು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಈಡು ಹಾರಿದ ಮೇಲೆ ಮರುಬಳಕೆಗೆ ಉಳಿಯುವುದು ಬೆಲೆಬಾಳುವ ಕೋಶ ಮಾತ್ರ. ಹಳೆಯ ಕೇಪನ್ನು ತೆಗೆದು, ಹೊಸದನ್ನು ಕೂರಿಸಿ, ಮದ್ದು ತೂಗಿ ಹಾಕಿ, ಸೀಸವನ್ನು ಕರಗಿಸಿ ಎರಕ ಹೊಯ್ದ ಗುಂಡನ್ನು ಒತ್ತಿದರೆ ತೋಟಾ ಮತ್ತೆ ಸಿದ್ಧ. ಅಂಗಡಿಯಿಂದ ದೂರವಿದ್ದವರಿಗೆ ಇದು ಮಿತವ್ಯಯದ ದಾರಿಯಾಗಿತ್ತು. ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ರೂಪಿಸಿದ ಕೇಪಿಗೆ ಕೋಶದ ನಡುವೆ ಒಂದೇ ರಂಧ್ರವಿದ್ದು, ಒಂದು ಕಡ್ಡಿಯಿಂದ ಅದನ್ನು ಸುಲಭವಾಗಿ ಹೊರತಳ್ಳಬಹುದಾಗಿತ್ತು. ಅಮೆರಿಕ ಈ ಆಂಗ್ಲ ಕೇಪನ್ನೇ ಮೆಚ್ಚಿಕೊಂಡಿತು. ಕೈಯಾರೆ ತೋಟಾ ತುಂಬುವ ಕಲೆ ಅಲ್ಲಿ ಮನೆಮನೆಯ ಹವ್ಯಾಸವಾಗಿ ಬೆಳೆಯಲು ಅದೂ ಒಂದು ಕಾರಣ.

1884ರಲ್ಲಿ ಫ್ರಾನ್ಸಿನ ಪಾಲ್ ವ್ಯೇಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದರು. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ ರೈಫಲ್ 1894ರಲ್ಲಿ ಹೊರಬಂದಾಗ 32-40 ಮತ್ತು 38-55 ತೋಟಾಗಳಿಗೇ ಹೊಂದಿಕೊಂಡಿತ್ತು. ಮರುವರ್ಷವೇ ಅದಕ್ಕೆ ಹೊಸ ಮದ್ದಿನ 30-30 ಮತ್ತು 25-35 ಬಂದವು. ಅಲ್ಲಿಂದ ಮುಂದಿನದು ವೇಗದ ಓಟ. ಕಪ್ಪುಮದ್ದಿನ 38-55ರ ಗುಂಡು ಸೆಕೆಂಡಿಗೆ ಸುಮಾರು 1300 ಅಡಿ ಸಾಗುತ್ತಿತ್ತು. ಚಾರ್ಲ್ಸ್ ನ್ಯೂಟನ್ ರೂಪಿಸಿ ಸ್ಯಾವೇಜ್ ಕಂಪನಿ 1915ರಲ್ಲಿ ಹೊರತಂದ ತೋಟಾದ ವೇಗ 3000 ಅಡಿ. ಆ ಸಂಖ್ಯೆಯೇ ಹೆಮ್ಮೆಯ ವಿಷಯವಾಗಿ ಅದರ ಹೆಸರು ‘250-3000’ ಎಂದಾಯಿತು. 1925ರಲ್ಲಿ 270 ವಿಂಚೆಸ್ಟರ್ ಬಂದಿತು. 1892ರ ಜರ್ಮನ್ ತೋಟಾವಾದ 7x57 ಮೌಸರ್‌ನ ಕೋಶದಿಂದ ನೆಡ್ ರಾಬರ್ಟ್ಸ್ ರೂಪಿಸಿದ ತೋಟಾ 1934ರಲ್ಲಿ ‘257 ರಾಬರ್ಟ್ಸ್’ ಎಂಬ ಹೆಸರಿನಿಂದ ಮಾರುಕಟ್ಟೆ ಸೇರಿತು. 1955ರ 243 ವಿಂಚೆಸ್ಟರ್ ಬಂದ ಮೇಲೆ ಅದೂ ಹಿಂದೆ ಸರಿಯಿತು.

ಹೀಗೆ ಬದಿಗೆ ಸರಿದ ತೋಟಾಗಳನ್ನು ಕಾರ್ಖಾನೆಗಳು ವಿರಳವಾಗಿ ತಯಾರಿಸಿದವು, ಕೆಲವನ್ನು ಕೈಬಿಟ್ಟವು. ಅಜ್ಜನ ಕಾಲದ ರೈಫಲನ್ನು ಇರಿಸಿಕೊಂಡವರಿಗೆ ಕೈಯಾರೆ ತುಂಬಿಕೊಳ್ಳುವುದೊಂದೇ ದಾರಿಯಾಯಿತು. ಅವರಲ್ಲಿ ವಿವೇಕಿಗಳು ಒಂದು ಮಿತಿಯನ್ನೂ ಹಾಕಿಕೊಂಡರು. ನಿಧಾನದ ಭಾರಗುಂಡು ದೂರ ಹೋದಂತೆ ಬೇಗ ಕೆಳಗಿಳಿಯುತ್ತದೆ. ಗುರಿ ತಪ್ಪಿದರೆ ಜಿಂಕೆ ಸಾಯದೆ ಗಾಯಗೊಂಡು ನರಳುತ್ತದೆ. ಆದುದರಿಂದ ನೂರು, ನೂರೈವತ್ತು ಗಜಗಳಾಚೆಗೆ ಈಡು ಹಾರಿಸಕೂಡದೆಂಬುದು ಅವರ ಕಟ್ಟಳೆ. ಶ್ರಾವಕನು ದಿಗ್ವ್ರತದಲ್ಲಿ ತನ್ನ ಸಂಚಾರಕ್ಕೆ ತಾನೇ ಎಲ್ಲೆ ಕಟ್ಟಿಕೊಳ್ಳುವುದು ಇಲ್ಲಿ ನೆನಪಾಗಬಹುದು. ಎಲ್ಲೆಯ ರೂಪ ಒಂದೇ ಆದರೂ ಉದ್ದೇಶ ಬೇರೆ. ಶ್ರಾವಕನ ಎಲ್ಲೆ ಹಿಂಸೆಯ ಕ್ಷೇತ್ರವನ್ನು ಕುಗ್ಗಿಸುತ್ತದೆ. ಬೇಟೆಗಾರನ ಎಲ್ಲೆ ಕೊಲೆಯನ್ನು ಅಚ್ಚುಕಟ್ಟುಗೊಳಿಸುತ್ತದೆ.

ವೇಗವೇ ಈ ಪ್ರಶ್ನೆಗೆ ಉತ್ತರವಾಗಲಿಲ್ಲ. 1946ರಲ್ಲಿ ಜಾನ್ ನಾಸ್ಲರ್ ಎಂಬವರು ಕೆನಡಾದಲ್ಲಿ, ಜಿಂಕೆಯ ಕುಲದಲ್ಲಿಯೇ ಅತಿ ದೊಡ್ಡದಾದ ಮೂಸ್ ಎಂಬ ಪ್ರಾಣಿಯತ್ತ ಗುಂಡು ಹಾರಿಸಿದರು. ಅದರ ಚರ್ಮದ ಮೇಲೆ ಕೆಸರು ಮೆತ್ತಿ ಗಟ್ಟಿಯಾಗಿತ್ತು. ವೇಗದ ಗುಂಡುಗಳು ಮೇಲ್ಮೈಯಲ್ಲಿಯೇ ಒಡೆದು ಒಳಹೊಗದಾದವು. ಆ ಅನುಭವದಿಂದ ಅವರು ನಡುವೆ ಅಡ್ಡಗೋಡೆಯುಳ್ಳ ಗುಂಡನ್ನು ರೂಪಿಸಿ, 1948ರಲ್ಲಿ ಮಾರಾಟಕ್ಕೆ ತಂದರು. ಪ್ರಾಣಿಯ ಯಾತನೆಯಿಂದ ಕಲಿತ ಪಾಠ ಇನ್ನಷ್ಟು ಸಮರ್ಥವಾದ ಗುಂಡಾಯಿತು. ಗುಂಡು ಹಾರಿಸಬೇಕೇ ಎಂಬ ಪ್ರಶ್ನೆಯಾಗಲಿಲ್ಲ.

ಈ ನಡುವೆ ಜಿಂಕೆಗಳ ಗತಿಯೇನಾಯಿತು? ಮಾಂಸ ಮತ್ತು ಚರ್ಮದ ವ್ಯಾಪಾರದಿಂದಾಗಿ 1900ರ ಸುಮಾರಿಗೆ ಅಮೆರಿಕದ ಬಿಳಿಬಾಲದ ಜಿಂಕೆಗಳು ಅಂದಾಜು ಐದು ಲಕ್ಷಕ್ಕೆ ಇಳಿದಿದ್ದವು. ಅದೇ ವರ್ಷ ಬಂದ ಲೇಸಿ ಕಾಯಿದೆ, ಅಕ್ರಮವಾಗಿ ಕೊಂದ ಪ್ರಾಣಿಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ತಡೆಯಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆ, ರೈಫಲ್ ಮತ್ತು ತೋಟಾಗಳ ಮೇಲಿನ ಶೇಕಡಾ 11ರ ತೆರಿಗೆಯನ್ನು ವನ್ಯಜೀವಿ ಸಂರಕ್ಷಣೆಗೆ ಮೀಸಲಿಟ್ಟಿತು. ಇಂದು ಆ ಜಿಂಕೆಗಳ ಸಂಖ್ಯೆ ಸುಮಾರು ಮೂರು ಕೋಟಿಯೆಂದು ಅಂದಾಜು. ಬೇಟೆಗಾರರ ಹಣವೂ ಈ ಕಾರ್ಯಕ್ಕೆ ಸಂದಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅಳಿಯುತ್ತಿದ್ದ ಸಂತತಿಯನ್ನು ಉಳಿಸಿದ್ದು ಗುಂಡಿನ ಗುಣವಲ್ಲ, ಕೈಯನ್ನು ತಡೆದ ಕಟ್ಟಳೆ.

ಗುಂಡಿನ ಹಿಂಸೆ ಜಿಂಕೆಯೊಂದಿಗೆ ಮುಗಿಯುವುದೂ ಇಲ್ಲ. ವೇಗದ ಸೀಸದ ಗುಂಡು ದೇಹದೊಳಗೆ ಸಣ್ಣ ಚೂರುಗಳಾಗಿ ಹರಡುತ್ತದೆ. ಬೇಟೆಗಾರರು ಬಿಟ್ಟುಹೋದ ಕರುಳು-ಮಾಂಸವನ್ನು ತಿಂದ ಕ್ಯಾಲಿಫೋರ್ನಿಯಾದ ಕಾಂಡೋರ್ ಹದ್ದುಗಳಿಗೆ ಆ ಸೀಸ ವಿಷವಾಯಿತು. 1982ರಲ್ಲಿ ಅವು ಉಳಿದಿದ್ದುದು ಕೇವಲ 22. ಬೇಟೆಯಲ್ಲಿ ಸೀಸದ ಗುಂಡುಗಳನ್ನು ಆ ರಾಜ್ಯ ಪೂರ್ಣವಾಗಿ ನಿಷೇಧಿಸಿದ್ದು 2019ರಲ್ಲಿ.

ಇದೇ 7x57 ತೋಟಾ ‘275 ರಿಗ್ಬಿ’ ಎಂಬ ಆಂಗ್ಲ ಹೆಸರಿನಲ್ಲಿ ಭಾರತಕ್ಕೂ ಬಂದಿತ್ತು. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದ ಜಿಮ್ ಕಾರ್ಬೆಟ್ಟರಿಗೆ ಆ ರೈಫಲ್ ಬಹುಮಾನವಾಗಿ ದೊರೆಯಿತು. ಮುಂದೆ ಅವರು ವಿನೋದದ ಬೇಟೆಯಿಂದ ದೂರ ಸರಿದು ಕ್ಯಾಮೆರಾ ಹಿಡಿದರು. ಅದೇ ಅಡಗಿ ಕೂರುವಿಕೆ, ಅದೇ ತಾಳ್ಮೆ, ಅದೇ ಗುರಿ. ಆದರೆ ಕ್ಷಣ ಕಳೆದ ಮೇಲೂ ಪ್ರಾಣಿ ತನ್ನ ದಾರಿಯಲ್ಲಿ ನಡೆದುಹೋಗುತ್ತಿತ್ತು.

ಒಂದೊಂದು ಗ್ರೇನ್ ಮದ್ದನ್ನೂ ತಕ್ಕಡಿಯಲ್ಲಿಟ್ಟು ತೂಗುವವನ ಏಕಾಗ್ರತೆ ಸಣ್ಣದಲ್ಲ. ಪ್ರಮಾದವೇ ಹಿಂಸೆಯ ಮೂಲವೆಂದು ಬೋಧಿಸುವ ಧರ್ಮಕ್ಕೆ ಅಂಥ ಎಚ್ಚರದ ಬೆಲೆ ಗೊತ್ತು. ಆದರೆ ಆ ಎಚ್ಚರ ಕೈಯಲ್ಲಿ ಮಾತ್ರವಿದ್ದು ಸಂಕಲ್ಪವನ್ನು ಮುಟ್ಟದಿದ್ದರೆ ಅದು ಕುಶಲತೆಯಷ್ಟೇ ಆದೀತು, ಅಹಿಂಸೆಯಾಗದು. ಜಿಂಕೆ ನರಳಬಾರದೆಂದು ಬಗೆದ ಬೇಟೆಗಾರ ಕರುಣೆಯ ಹೊಸ್ತಿಲವರೆಗೆ ಬಂದವನು. ಹೊಸ್ತಿಲನ್ನು ದಾಟಲು ಅವನಿಗೆ ಹೊಸ ತೋಟಾ ಬೇಕಿಲ್ಲ. ತೂಗುವ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಆ ಜೀವವನ್ನೂ ಇಟ್ಟು ನೋಡಿದರೆ ಸಾಕು.