ಖಾಲಿ ಬಿದ್ದ ವಾಣಿಜ್ಯ ಮಳಿಗೆಗೆ ಮತ್ತೆ ಗಿರಾಕಿ ಬರೋದು ಹೇಗೆ? ಅಂಗಡಿಕಾರರು ತಿಳಿದಿರಬೇಕಾದ ಮಾಹಿತಿ

ಕುಮಟಾ: ಕುಮಟಾ, ಹೊನ್ನಾವರ, ಭಟ್ಕಳದ ಪೇಟೆಗಳಲ್ಲಿ ಬೆಂಗಳೂರಿನಂಥ ಮಾಲ್ ಇಲ್ಲ, ವಾಣಿಜ್ಯ ಸಂಕೀರ್ಣ ಇದೆ. ಇಂಥ ಕಟ್ಟಡದಲ್ಲಿ ಕೆಳಗಡೆ ನಾಲ್ಕು ಅಂಗಡಿ ಓಡ್ತದೆ, ಮಹಡಿಯಲ್ಲಿ ಶಟರ್ ಎಳೆದೇ ಇರ್ತದೆ. ಹೀಗೆ ಯಾಕಾಗ್ತದೆ, ದಾರಿ ಏನು?

ದಾರಿ ಬದಲಾದರೆ ಪೇಟೆ ಬದಲಾಗ್ತದೆ

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861-65) ಹತ್ತಿಗೆ ಬೇಡಿಕೆ ಏರಿದಾಗ ಧಾರವಾಡ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹೋಗ್ತಿತ್ತು. 'ಕುಮಟಾ ಹತ್ತಿ' ಅಂತಲೇ ಹೆಸರಿತ್ತು. ಆಮೇಲೆ ಹುಬ್ಬಳ್ಳಿ ಕಡೆಯಿಂದ ಗೋವಾದ ಮರ್ಮಗೋವಾ ಬಂದರಿಗೆ ರೈಲು ಬಂತು, ಇಲ್ಲಿನ ಹತ್ತಿ ವ್ಯಾಪಾರ ಇಳೀತು. ಇವತ್ತು ಅಳ್ವೇಕೋಡಿಯಲ್ಲಿ ಸಿಹಿ ಈರುಳ್ಳಿ ಹೆದ್ದಾರಿ ಬದಿಯಲ್ಲೇ ಮಾರಾಟ ಆಗೋದೂ ಇದೇ ಲೆಕ್ಕ. ಜನ ಓಡಾಡೋ ಕಡೆ ವ್ಯಾಪಾರ.

ದೊಡ್ಡ ಕಟ್ಟಡ ಇದ್ದರೆ ಸಾಲದು

ಬೆಂಗಳೂರಿನ ಮಂತ್ರಿ ಸ್ಕ್ವೇರ್‌ಗೆ ಮೆಟ್ರೋ ನಿಲ್ದಾಣವೇ ಅಂಟಿಕೊಂಡಿದೆ. ಆದರೂ ಆಸ್ತಿ ತೆರಿಗೆ ಬಾಕಿಗಾಗಿ ಪಾಲಿಕೆ ಒಂದಕ್ಕಿಂತ ಹೆಚ್ಚು ಸಲ ಬೀಗ ಹಾಕಿತ್ತು. ಬಾಕಿ ಮಾಲೀಕರದ್ದು, ವ್ಯಾಪಾರ ನಿಂತದ್ದು ಬಾಡಿಗೆದಾರರದ್ದು. ಖಾಸಗಿ ಕಟ್ಟಡಕ್ಕೆ ಹೋಗುವವರು ಮುಂಗಡ ಕೊಡುವ ಮೊದಲು ತೆರಿಗೆ ರಸೀದಿ ಕೇಳಿ ನೋಡಿ.

ಹರಾಜಿಗೆ ಮುಂಚೆ ಲೆಕ್ಕ

ಪುರಸಭೆ, ಪಟ್ಟಣ ಪಂಚಾಯಿತಿ ಮಳಿಗೆಗಳು ಹರಾಜಿನಲ್ಲಿ ಹೋಗ್ತವೆ. ಹಠಕ್ಕೆ ಬಿದ್ದು ಬಾಡಿಗೆ ಏರಿಸಿದವರೇ ಆಮೇಲೆ ಬಿಟ್ಟು ಹೋಗೋದು. ಉದಾಹರಣೆಗೆ ತಿಂಗಳಿಗೆ 12,000 ರೂ. ಕೂಗಿದರೆ ಶೇ 18 ಜಿಎಸ್‌ಟಿ ಸೇರಿ 14,160 ರೂ. ಆಗ್ತದೆ. 26 ದಿನ ಅಂಗಡಿ ತೆರೆದರೆ ದಿನಕ್ಕೆ ಸುಮಾರು 545 ರೂ. ಲಾಭ ಶೇ 10 ಇದ್ದರೆ, ಬಾಡಿಗೆ ಒಂದಕ್ಕೇ ದಿನಕ್ಕೆ 5,450 ರೂ. ವ್ಯಾಪಾರ ಬೇಕು. ಕರೆಂಟು, ಕೆಲಸದವರ ಸಂಬಳ ಬೇರೆ.

ಮತ್ತೆ ತುಂಬಿಸೋದು ಹೇಗೆ

* ಮಹಡಿಗೆ ಜನ ಹುಡುಕಿಕೊಂಡು ಬರುವ ಕೆಲಸ ಹಾಕಬೇಕು: ಟೇಲರಿಂಗ್, ಟ್ಯೂಷನ್, ಕಂಪ್ಯೂಟರ್ ತರಗತಿ, ಆಡಿಟರ್ ಕಚೇರಿ. ಅಮೆರಿಕದ ಆಸ್ಟಿನ್‌ನಲ್ಲಿ ಸೊರಗಿದ ಹೈಲ್ಯಾಂಡ್ ಮಾಲ್ ಈಗ ಕಾಲೇಜು ಆಗಿದೆ.
* ಕೆಳಗೆ ಕಂಡ ಕೂಡಲೇ ಕೊಳ್ಳುವ ಸಾಮಾನು ಇರಲಿ. ಯಾಣಕ್ಕೆ ಹೋಗುವ ಪ್ರವಾಸಿಗರಿಗೆ ಮುರುಗಲು, ಅಪ್ಪೆಮಿಡಿ, ಜೋನಿಬೆಲ್ಲ ಒಂದೇ ಕಡೆ ಸಿಕ್ಕರೆ ಗಾಡಿ ನಿಲ್ತದೆ.
* ಶೌಚಾಲಯ, ಬೆಳಕು, ಪಾರ್ಕಿಂಗ್‌ಗೆ ಒಬ್ಬೊಬ್ಬರೇ ಅಲೆಯೋದಕ್ಕಿಂತ ಎಲ್ಲ ಅಂಗಡಿಕಾರರು ಸಹಿ ಹಾಕಿ ಮುಖ್ಯಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.
* ಹರಾಜಿಗೆ ಜನ ಬಾರದೆ ವರ್ಷಗಟ್ಟಲೆ ಖಾಲಿ ಇದ್ದರೆ ಬಾಡಿಗೆ ಮರುಪರಿಶೀಲನೆಗೆ ವಾರ್ಡಿನ ಸದಸ್ಯರ ಮೂಲಕ ಸಭೆಯಲ್ಲಿ ವಿಷಯ ಎತ್ತಿಸಿ.

ಮುಚ್ಚಿದ ಮಳಿಗೆಯಿಂದ ಪುರಸಭೆಗೂ ಬಾಡಿಗೆ ಇಲ್ಲ, ಪಕ್ಕದ ಅಂಗಡಿಗೂ ಗಿರಾಕಿ ಇಲ್ಲ. ಮುಂದಿನ ಹರಾಜಿಗೆ ಹೋಗುವವರು ಮೊದಲು ಎರಡು ದಿನ ಆ ಕಟ್ಟಡದ ಎದುರು ನಿಂತು, ಎಷ್ಟು ಜನ ಒಳಗೆ ಹೋಗ್ತಾರೆ ಎಣಿಸಿ ನೋಡಿ.