ಸುಲಭದ ದಾರಿ ಯಾರು ಹಾಕಿದ್ದು? ಕುದುರೆಮುಖದ ಒಂದು ನಡಿಗೆ, ಒಂದು ಲೆಕ್ಕ



ನನಗೆ ಬರೋ ಮೆಸೇಜುಗಳಲ್ಲಿ ಒಂದು ಪ್ರಶ್ನೆ ಪ್ರತಿ ವಾರ ಇದ್ದೇ ಇರುತ್ತೆ. "ಸುಲಭದ ಟ್ರೆಕ್ ಯಾವುದಾದ್ರೂ ಹೇಳಿ, ಅಭ್ಯಾಸ ಇಲ್ಲ, ಅಮ್ಮನ್ನೂ ಕರ್ಕೊಂಡು ಹೋಗ್ಬೇಕು." ಇವತ್ತು ಉತ್ತರ ಮೊದಲೇ ಹೇಳ್ಬಿಡ್ತೀನಿ. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ. ಆದರೆ ಅಲ್ಲಿನ ದೊಡ್ಡ ಶಿಖರಕ್ಕಲ್ಲ. 1,890 ಮೀಟರಿಗಿಂತ ಎತ್ತರದ ಆ ಶಿಖರ ಹತ್ತಿ ಇಳಿಯೋಕೆ ಇಡೀ ದಿನ ಬೇಕು, ಮಂಡಿಯೂ ಗಟ್ಟಿ ಇರಬೇಕು. ಅದೇ ಉದ್ಯಾನದೊಳಗೆ ಕುರಿಂಜಾಲ್, ಗಂಗಡಿಕಲ್ಲು ಅಂತ ಎರಡು ಬೆಟ್ಟಗಳಿವೆ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸ್. ನಿಧಾನಕ್ಕೆ ನಡೆಯೋರಿಗೂ ಆಗುತ್ತೆ.

ಹೋದ ನವೆಂಬರಿನಲ್ಲಿ ನಾನು ಕುರಿಂಜಾಲ್‌ಗೆ ಹೋಗಿದ್ದೆ. ಜೊತೆಗೆ ಕಳಸದ ಕಡೆಯ ಒಬ್ಬರು ಗೈಡ್. ವಯಸ್ಸು ಐವತ್ತರ ಮೇಲಿರಬೇಕು, ನಾನು ಅಣ್ಣ ಅಂತಲೇ ಕರೀತಾ ಇದ್ದೆ. ದಾರಿ ಶುರುವಾಗೋದು ದಟ್ಟ ಕಾಡಿನಲ್ಲಿ. ಮಳೆ ಮುಗಿದಿದ್ರೂ ಉಂಬಳ ಬಿಟ್ಟಿರಲಿಲ್ಲ. ಆದರೆ ಕಾಲ ಕೆಳಗಿನ ದಾರಿ ಮಾತ್ರ ಅಗಲ, ಏರು ತುಂಬಾ ಮೆಲ್ಲ. ಎರಡು ಗಾಲಿಯ ಜಾಡು ಸ್ಪಷ್ಟವಾಗಿ ಕಾಣ್ತಿತ್ತು. "ಅಣ್ಣ, ಕಾಡೊಳಗೆ ಇಷ್ಟು ಚೆನ್ನಾಗಿ ದಾರಿ ಮಾಡಿಟ್ಟಿದ್ದಾರಲ್ಲ!" ಅಂದೆ.

ಅವರು ತಿರುಗಿ ನೋಡಿ ನಕ್ಕರು. "ನಿಮಗೆ ಅಂತ ಮಾಡಿದ್ದಲ್ಲ ಮಾರಾಯ್ರೆ. ಇದು ಕಂಪನಿ ಜೀಪ್ ಹೋಗ್ಲಿಕ್ಕೆ ಮಾಡಿದ್ದು."

ಮೇಲೆ ಪಾಳುಬಿದ್ದ ಒಂದು ಕಟ್ಟಡ ಇದೆ. ಕಂಪನಿಯ ವೈರ್‌ಲೆಸ್ ಕೆಲಸಕ್ಕೆ ಕಟ್ಟಿದ್ದು ಅಂತ ಅಣ್ಣ ಹೇಳಿದ್ರು. ಅಂದ್ರೆ ನಾವು ಪ್ರಕೃತಿ ನೋಡೋಕೆ ಅಂತ ನಡೆಯೋ ಈ ಸುಲಭದ ದಾರಿ, ಆ ಪ್ರಕೃತಿಯನ್ನ ಅಗೆಯೋಕೆ ಬಂದವರು ಹಾಕಿಟ್ಟದ್ದು. ಇವತ್ತಿನ ಸಂಚಿಕೆ ಆ ದಾರಿಯ ಇತಿಹಾಸ. ನಾನು ಓದಿದ್ದು ಬಿ.ಕಾಂ., ಹಾಗಾಗಿ ಸ್ವಲ್ಪ ಲೆಕ್ಕದ ಭಾಷೆಯೂ ಬರುತ್ತೆ, ಸಹಿಸ್ಕೊಳ್ಳಿ.

ಕಥೆ ಶುರುವಾಗೋದು 1913ರಲ್ಲಿ. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್ ಈ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಇದೆ ಅಂತ ಗುರುತಿಸಿದರು. ಆದರೆ ಆಮೇಲೆ ಆರು ದಶಕ ಯಾರೂ ಇದನ್ನ ದೊಡ್ಡದಾಗಿ ಮುಟ್ಟಲಿಲ್ಲ. ಕಾರಣ ಸರಳ. ಅದಿರು ಬೇಕಾದಷ್ಟಿದೆ, ಆದರೆ ಬಡ ಅದಿರು. ಅದರಲ್ಲಿ ಕಬ್ಬಿಣ ಶೇ 40ಕ್ಕಿಂತ ಕಡಿಮೆ. ಜೊತೆಗೆ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ, ಅಂದ್ರೆ ಬೆಂಗಳೂರಿನ ಮಳೆಯ ಏಳು ಪಟ್ಟು. ರೈಲಿಲ್ಲ. ಮಂಗಳೂರಿನಲ್ಲಿ ದೊಡ್ಡ ಹಡಗು ನಿಲ್ಲುವಂಥ ಬಂದರೂ ಆಗ ಇರಲಿಲ್ಲ. ತೆಗೆದ ಖರ್ಚೂ ಹುಟ್ಟದ ಮಾಲು ಅಂತಾರಲ್ಲ, ಹಾಗಿತ್ತು.

ಲೆಕ್ಕ ಬದಲಾಗಿದ್ದು 1975ರಲ್ಲಿ. ಆಗ ಇರಾನಿನಲ್ಲಿ ಶಾ ಆಳ್ವಿಕೆ. ಎಣ್ಣೆಯ ಬೆಲೆ ಏರಿ ಅವರ ಹತ್ರ ದುಡ್ಡು ಹರಿದು ಬರ್ತಾ ಇತ್ತು. ಉಕ್ಕಿನ ಕಾರ್ಖಾನೆ ಕಟ್ಟೋಕೆ ಅವರಿಗೆ ಕಬ್ಬಿಣ ಬೇಕಿತ್ತು. ಭಾರತದ ಜೊತೆ ಒಪ್ಪಂದ ಆಯ್ತು: 63 ಕೋಟಿ ಡಾಲರ್ ಸಾಲ ಅವರು ಕೊಡ್ತಾರೆ, ಅದಿರನ್ನ ನಾವು ಕಳಿಸ್ತೀವಿ. ಮರುವರ್ಷ, 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಕೇಂದ್ರ ಸರ್ಕಾರದ್ದು.

ಕೆಲಸ ನಡೆದಿದ್ದು ಹೀಗೆ. ಬೆಟ್ಟವನ್ನ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸೋದು, ಕಲ್ಲನ್ನ ಪುಡಿ ಮಾಡೋದು, ಕಬ್ಬಿಣದ ಅಂಶವನ್ನ ಬೇರೆ ಮಾಡೋದು. ಆ ಪುಡಿಗೆ ನೀರು ಸೇರಿಸಿ, ಗಂಜಿ ಥರ ಮಾಡಿ, 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಬಿಡೋದು. ಉಳಿದ ಹೂಳು? ಅಗೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಬೇಡದ್ದೇ ಆಗಿತ್ತು. ಅದನ್ನ ತುಂಬಿಡೋಕೆ ಭದ್ರಾ ನದಿಗೆ ಸೇರುವ ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಇದೆಲ್ಲ 1980ರ ಹೊತ್ತಿಗೆ ಸಿದ್ಧ.

ಆದರೆ 1979ರಲ್ಲೇ ಇರಾನಿನಲ್ಲಿ ಕ್ರಾಂತಿ ಆಗಿತ್ತು. ಶಾ ದೇಶ ಬಿಟ್ಟು ಹೋದ. ಸಾಲದ ಹಣ ಪೂರ್ತಿ ಬರೋ ಮೊದಲೇ ನಿಂತಿತು, ಅದಿರು ಕೊಳ್ಳೋರೂ ಇಲ್ಲ. ಒಬ್ಬನೇ ಗಿರಾಕಿಯನ್ನ ನಂಬಿ ಅಂಗಡಿ ಇಟ್ಟರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಕಾಲೇಜಿನ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆ ಉದಾಹರಣೆ ಇರಲಿಲ್ಲ, ಆದರೆ ಇದು ಆ ಪುಸ್ತಕದಲ್ಲಿ ಇರಲೇ ಇಲ್ಲ. ಕಂಪನಿ ಬೇರೆ ದೇಶಗಳಲ್ಲಿ ಗಿರಾಕಿ ಹುಡುಕಿತು. ಅದಿರಿನ ಪುಡಿಯನ್ನ ಉಂಡೆ ಮಾಡಿ ಮಾರೋಕೆ ಮಂಗಳೂರಿನಲ್ಲಿ ಪೆಲೆಟ್ ಕಾರ್ಖಾನೆ ಹಾಕಿತು. ಅದು ಶುರುವಾದದ್ದು 1987ರಲ್ಲಿ.

ಇಲ್ಲಿ ನನ್ನದೊಂದು ಸಣ್ಣ ಕಥೆ. ನನ್ನ ಸೋದರಮಾವ ಆ ಕಂಪನಿಯಲ್ಲಿ ಕೆಲಸಕ್ಕಿದ್ದರು. ಬೇಸಿಗೆ ರಜೆಗೆ ಅಮ್ಮ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗ್ತಿದ್ಲು. ಮಲ್ಲೇಶ್ವರ ಅನ್ನೋ ಹಳ್ಳಿಯ ಜಾಗದಲ್ಲಿ ಎದ್ದ ಟೌನ್‌ಶಿಪ್ ಅದು. ಸಾಲು ಸಾಲು ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಸಂಜೆ ಆಟದ ಮೈದಾನದಲ್ಲಿ ದೇಶದ ಎಲ್ಲಾ ಭಾಷೆ. ನನಗೆ ನೆನಪಿರೋ ಮೊದಲ ಮಂಜು, ಮೊದಲ ಹೊಳೆ ಎಲ್ಲ ಅಲ್ಲಿಯದೇ. ಗಣಿ ನಿಂತ ಮೇಲೆ ಮಾವ ಮಂಗಳೂರಿಗೆ ಬಂದರು. ಆಗ ನನಗೆ ಎಂಟು ವರ್ಷ. ರಜೆಗೆ ಹೋಗೋಕೆ ಊರೇ ಇಲ್ಲ ಅಂತ ಅತ್ತಿದ್ದೆ. ಯಾಕೆ ನಿಂತಿತು ಅಂತ ಯಾರೂ ಹೇಳಲಿಲ್ಲ.

ಯಾಕೆ ಅಂದ್ರೆ, ಅಷ್ಟು ಹೊತ್ತಿಗೆ ಇನ್ನೊಂದು ಲೆಕ್ಕದ ಪುಸ್ತಕ ತೆರೆದಿತ್ತು.

ಕುರಿಂಜಾಲ್ ದಾರಿ ಕಾಡು ಮುಗಿಸಿ ಹುಲ್ಲುಗಾವಲಿಗೆ ಬರುವಾಗ ಅದು ಅರ್ಥ ಆಗುತ್ತೆ. ಬೆಟ್ಟದ ಮೈಮೇಲೆಲ್ಲ ಹುಲ್ಲು, ಮಡಿಕೆ ಮಡಿಕೆಗಳಲ್ಲಿ ಮಾತ್ರ ಕಡುಹಸಿರು ಕಾಡು. ಇದನ್ನೇ ಶೋಲಾ ಅನ್ನೋದು. ಸುರಿದ ಮಳೆಯನ್ನ ಹುಲ್ಲೂ ಶೋಲಾದ ಮಣ್ಣೂ ಸ್ಪಂಜಿನ ಹಾಗೆ ಹಿಡಿದಿಟ್ಟು, ಮಳೆಗಾಲ ಮುಗಿದ ಮೇಲೂ ಸ್ವಲ್ಪ ಸ್ವಲ್ಪವೇ ಬಿಡ್ತವೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟೋ ಗಂಗಾಮೂಲ ಇದೇ ಉದ್ಯಾನದೊಳಗಿದೆ. ಇಲ್ಲಿಂದ ಹೊರಟ ನೀರು ದಾವಣಗೆರೆಯ ಗದ್ದೆಗೂ ಹೋಗುತ್ತೆ, ಹಂಪಿಯ ಪಕ್ಕದಲ್ಲೂ ಹರಿಯುತ್ತೆ. ಅಷ್ಟು ಮಳೆ ಬೀಳೋ ಜಾಗದಲ್ಲಿ ಹುಲ್ಲು ಕಿತ್ತು ಬೆಟ್ಟ ಅಗೆದರೆ ಮಣ್ಣು ಎಲ್ಲಿಗೆ ಹೋಗುತ್ತೆ? ಹೊಳೆಗೆ. ಭದ್ರಾ ಕೆಂಪಾಗಿ ಹರೀತಿತ್ತು ಅಂತ ಕೆಳಗಿನ ಊರಿನವರು ಇವತ್ತಿಗೂ ಹೇಳ್ತಾರೆ.

1980ರ ದಶಕದಲ್ಲಿ ಉಲ್ಲಾಸ ಕಾರಂತರು ಇಲ್ಲಿನ ಸಿಂಗಳೀಕಗಳ ಸಮೀಕ್ಷೆ ಮಾಡಿದರು. ಅದರ ಆಧಾರದ ಮೇಲೆ ಸುಮಾರು 600 ಚದರ ಕಿಲೋಮೀಟರನ್ನ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು. ಯಾವ ವರ್ಷ ಗೊತ್ತಾ? 1987. ಪೆಲೆಟ್ ಕಾರ್ಖಾನೆ ಶುರುವಾದ ಅದೇ ವರ್ಷ. ಒಂದು ಕೈ ಬೀಗ ಹಾಕ್ತಾ ಇದ್ರೆ ಇನ್ನೊಂದು ಕೈ ಅಗೀತಾ ಇತ್ತು.

ಗಣಿ ಗುತ್ತಿಗೆ 1969ರದ್ದು, 30 ವರ್ಷದ್ದು, ಸುಮಾರು 4,600 ಹೆಕ್ಟೇರ್. 1999ಕ್ಕೆ ಅವಧಿ ಮುಗೀತು. ಆದರೂ ತಾತ್ಕಾಲಿಕ ಒಪ್ಪಿಗೆಯ ಮೇಲೆ ಕೆಲಸ ನಡೀತಾನೇ ಇತ್ತು. ಮಲೆನಾಡಿನಲ್ಲಿ ವಿರೋಧ ಜೋರಾಯ್ತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು: 2005ರ ಕೊನೆಗೆ ಗಣಿ ನಿಲ್ಲಬೇಕು. ಆ ಡಿಸೆಂಬರ್ 31ಕ್ಕೆ ನಿಂತಿತು. ಮಾವನ ಮನೆ ಖಾಲಿಯಾದದ್ದು ಹಾಗೆ.

ಇಲ್ಲಿಗೆ "ಕಾಡು ಗೆದ್ದಿತು" ಅಂತ ಮುಗಿಸಿದ್ರೆ ಕೇಳೋಕೆ ಚೆನ್ನಾಗಿರುತ್ತೆ. ಆದರೆ ಲೆಕ್ಕ ಅಲ್ಲಿಗೆ ಮುಗಿಯಲ್ಲ. ಉದ್ಯಾನದ ಗೆರೆ ಎಳೆದಾಗ ಅದರೊಳಗೆ ಹಳ್ಳಿಗಳೂ ಸಿಕ್ಕಿಕೊಂಡವು. ತಲೆಮಾರುಗಳಿಂದ ಅಲ್ಲೇ ಇದ್ದ ಮಲೆಕುಡಿಯರು, ಸಣ್ಣ ರೈತರು ಒಕ್ಕಲೆಬ್ಬಿಸ್ತಾರೆ ಅನ್ನೋ ಭಯದಲ್ಲೇ ಬದುಕಿದರು. ಆ ಸಿಟ್ಟಿನ ಬೆನ್ನಿಗೇ ನಕ್ಸಲ್ ಚಳವಳಿ ಬಂತು. 2003ರ ನವೆಂಬರಿನಲ್ಲಿ ಕಾರ್ಕಳ ಕಡೆಯ ಈದುವಿನಲ್ಲಿ ನಡೆದ ಎನ್‌ಕೌಂಟರಿನಲ್ಲಿ ಇಬ್ಬರು ಯುವತಿಯರು ಸತ್ತರು. ಕೊನೆಯ ಕೆಲವರು ಶರಣಾಗುವ ಹೊತ್ತಿಗೆ 2025 ಬಂದಿತ್ತು. ನಾವು ವೀಕೆಂಡ್ ಅಂತ ನಡೆಯೋ ಕಾಡಿನಲ್ಲಿ ಎರಡು ದಶಕ ಜನ ಪೊಲೀಸರಿಗೂ ಹೆದರಿ, ಬಂದೂಕು ಹಿಡಿದವರಿಗೂ ಹೆದರಿ ಬದುಕಿದ್ದಾರೆ.

"ಕಂಪನಿ ಇದ್ದಿದ್ರೆ ಒಳ್ಳೇದಿತ್ತಾ ಅಣ್ಣ?" ಅಂತ ಮೇಲೆ ಕೂತಾಗ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕಂಪನಿ ಇರುವಾಗ ಕೆಲಸ ಇತ್ತು, ಹೊಳೆ ಕೆಟ್ಟಿತ್ತು. ಈಗ ಹೊಳೆ ಚಂದ ಉಂಟು, ಮಕ್ಕಳು ಬೆಂಗಳೂರಲ್ಲಿದ್ದಾರೆ. ಯಾವುದನ್ನ ಒಳ್ಳೇದು ಅಂತ ಹೇಳುದು?"

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಆದರೆ ಒಂದು ಮಾತು ಖಚಿತವಾಗಿ ಹೇಳಬಲ್ಲೆ. ಕಾಮರ್ಸ್‌ನಲ್ಲಿ ಯಂತ್ರಕ್ಕೆ ಇಷ್ಟು ವರ್ಷ ಆಯಸ್ಸು ಅಂತ ಬರೆದು, ವರ್ಷ ವರ್ಷ ಸವಕಳಿ ಕಳೀತೀವಿ. ಕೊನೆಗೆ ಬೆಲೆ ಸೊನ್ನೆ, ಖಾತೆ ಮುಚ್ಚಿತು. ಕುದುರೆಮುಖದಲ್ಲಿ ಗುತ್ತಿಗೆಗೆ 30 ವರ್ಷ ಅಂತ ಬರೆದಿದ್ದರು. ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿರೋ ಹೂಳಿಗೆ ಯಾರೂ ವರ್ಷ ಬರೆದಿಲ್ಲ. ಗಣಿ ನಿಂತರೂ ಅದು ಅಲ್ಲೇ ಇದೆ. ಅಷ್ಟು ಮಳೆಯಲ್ಲಿ ಅದನ್ನ ನೋಡ್ಕೊಳ್ತಾನೇ ಇರಬೇಕು, ನಾವೂ, ನಮ್ಮ ಮಕ್ಕಳೂ. ಲಾಭ ಬಂದ ವರ್ಷಗಳು ಎಣಿಕೆಗೆ ಸಿಗುತ್ತವೆ, ಕಾಯಬೇಕಾದ ವರ್ಷಗಳು ಸಿಗಲ್ಲ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟವನ್ನ ವಿಶ್ವ ಪರಂಪರೆ ತಾಣ ಅಂತ ಘೋಷಿಸಿದಾಗ ಕುದುರೆಮುಖವೂ ಪಟ್ಟಿಯಲ್ಲಿತ್ತು. ಒಳ್ಳೇದೇ. ಆದರೆ ಆ ಹೂಳೂ ಪರಂಪರೆಯೇ.

ಹೋಗೋದಾದ್ರೆ ಕೆಲವು ಮಾತು. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇಲ್ಲದೆ ಹೋಗ್ಬೇಡಿ, ಬಿಡೋದೂ ಇಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚಿರ್ತಾರೆ, ಮೊದಲೇ ವಿಚಾರಿಸಿ. ಮಳೆ ಬಿಟ್ಟ ಮೇಲಿನ ತಿಂಗಳುಗಳು ಚೆನ್ನ. ಉಂಬಳಕ್ಕೆ ಉದ್ದ ಕಾಲುಚೀಲ ಹಾಕ್ಕೊಳ್ಳಿ. ಪ್ಲಾಸ್ಟಿಕ್ ತಗೊಂಡು ಹೋಗ್ಬೇಡಿ. ಗೈಡ್ ಜೊತೆ ಮಾತಾಡಿ, ಅವರ ಕಥೆ ಕೇಳಿ.

ಮೇಲೆ ಹತ್ತಿದ ಮೇಲೆ ಎಲ್ಲರೂ ಕುದುರೆಯ ಮುಖದ ಶಿಖರದ ಕಡೆ ಫೋನ್ ತಿರುಗಿಸ್ತಾರೆ. ನೀವೂ ತಿರುಗಿಸಿ. ಆಮೇಲೆ ಒಂದೈದು ನಿಮಿಷ ಗಣಿಯ ಕಡೆಗೂ ನೋಡಿ. ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಬೆಟ್ಟಕ್ಕೆ ಈಗ ಹಸಿರು ಬರ್ತಾ ಇದೆ, ಆದರೆ ಮೆಟ್ಟಿಲಿನ ಗೆರೆ ಹೋಗಿಲ್ಲ.

ನಾನು ಆ ಫೋಟೊವನ್ನ ಮಾವನಿಗೆ ಕಳಿಸಿದೆ. ಅವರು ತಕ್ಷಣ ಫೋನ್ ಮಾಡಿದ್ರು. ಗಣಿ ಬಗ್ಗೆ ಏನೂ ಕೇಳಲಿಲ್ಲ. "ಹೊಳೆ ನೀರು ಹೇಗಿದ್ಯೋ, ತಿಳಿಯಾಗಿದ್ಯಾ?" ಅಂದ್ರು. ಹೌದು ಮಾವ, ಅಂದೆ. "ಹಾಗಾದ್ರೆ ಒಂದ್ಸಲ ನನ್ನನ್ನೂ ಕರ್ಕೊಂಡು ಹೋಗು. ಮಂಡಿ ನೋವು, ಜಾಸ್ತಿ ಹತ್ತೋಕಾಗಲ್ಲ. ಸುಲಭದ ದಾರಿ ಇದ್ಯಾ?"

ಇದೆ ಮಾವ, ಅಂದೆ. ನಿಮ್ಮ ಕಾಲದಲ್ಲೇ ಹಾಕಿದ್ದು.